ಸ್ಪ್ಲೆಂಡರ್‌ನಲ್ಲಿ ಆಯಿಲ್ ಲೀಕ್: ಎಂಜಿನ್ ಗ್ಯಾಸ್ಕೆಟ್ ಮನೆಯಲ್ಲೇ ಬದಲಿಸುವ ಬಗೆ

ಎಂಜಿನ್‌ನ ಎರಡು ಭಾಗ ಸೇರುವ ಕಡೆ ಎಣ್ಣೆ ಸೋರದಂತೆ ನಡುವೆ ಇಡುವ ತೆಳು ಹಾಳೆಯೇ ಗ್ಯಾಸ್ಕೆಟ್, ಪ್ಯಾಕಿಂಗ್ ಎಂದೂ ಕರೆಯುತ್ತಾರೆ. ಹೊಸ ಗ್ಯಾಸ್ಕೆಟ್ ಹಾಕಿಸಿ ವಾರ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಎಣ್ಣೆ ಜಿನುಗಿದರೆ, ಮಾಲು ಡೂಪ್ಲಿಕೇಟ್ ಎಂದು ಅಂಗಡಿಯವನನ್ನು ಬೈಯುವುದೇ ಹೆಚ್ಚು. ಆದರೆ ಹೊಸ ಗ್ಯಾಸ್ಕೆಟ್ ಸೋರುವುದಕ್ಕೆ ಸಾಮಾನ್ಯವಾಗಿ ಬೇರೆ ಮೂರು ಕಾರಣ ಇರುತ್ತವೆ: ಲೀಕ್ ಇದ್ದದ್ದು ಒಂದು ಕಡೆ, ಬಿಚ್ಚಿದ್ದು ಇನ್ನೊಂದು ಕಡೆ; ಹಳೆಯ ಪ್ಯಾಕಿಂಗ್‌ನ ಚೂರು ಪೂರ್ತಿ ಹೋಗಿರಲಿಲ್ಲ; ಬೋಲ್ಟ್‌ಗಳನ್ನು ಒಂದೇ ಸಮ ಬಿಗಿದಿರಲಿಲ್ಲ. ಈ ಮೂರನ್ನು ಸರಿಯಾಗಿ ಮಾಡುವಷ್ಟು ಸಮಯ ಮನೆಯಲ್ಲಿ ಕೆಲಸ ಮಾಡುವವರಿಗೆ ಇರುತ್ತದೆ.

ಇಲ್ಲಿ ಹೇಳುವುದು ಹೀರೋ ಹೋಂಡಾ ಮತ್ತು ಹೀರೋ ಸ್ಪ್ಲೆಂಡರ್‌ನ 97.2 ಸಿಸಿ ಎಂಜಿನ್ ಬಗ್ಗೆ, ಅದರಲ್ಲೂ ಕಾರ್ಬುರೇಟರ್ ಇರುವ ಗಾಡಿಗಳ ಬಗ್ಗೆ. ಒಂದೇ ಸಿಲಿಂಡರ್, ಗಾಳಿಯಿಂದಲೇ ತಂಪಾಗುವ ಎಂಜಿನ್, ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್ ಭಾಗ) ಹೆಚ್ಚುಕಮ್ಮಿ ಮುಂದಕ್ಕೆ ಮಲಗಿದ ಹಾಗೆ ಇರುತ್ತದೆ. ಬಿಡಿಭಾಗ ಸುಲಭವಾಗಿ ಸಿಗುವುದರಿಂದ ಮೊದಲ ಸಲ ಕೈ ಹಾಕುವವರಿಗೆ ಇದಕ್ಕಿಂತ ಒಳ್ಳೆಯ ಎಂಜಿನ್ ಇಲ್ಲ.

ಬಿಚ್ಚುವ ಮೊದಲು: ಸೋರುತ್ತಿರುವುದು ಎಲ್ಲಿಂದ?

ಓಡುವ ಗಾಡಿಯಲ್ಲಿ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ, ಭಾರ ಅದನ್ನು ಕೆಳಕ್ಕೆ ಎಳೆಯುತ್ತದೆ. ಹಾಗಾಗಿ ಎಣ್ಣೆ ತೊಟ್ಟಿಕ್ಕುವ ಜಾಗ ಮತ್ತು ಎಣ್ಣೆ ಹೊರಗೆ ಬಂದ ಜಾಗ ಎರಡೂ ಒಂದೇ ಆಗಿರುವುದು ಕಡಿಮೆ. ಬ್ಲಾಕ್‌ನ ತುದಿಯನ್ನು ಮುಚ್ಚುವ ಭಾಗ ಹೆಡ್, ಅದರ ಮೇಲಿನ ತಿರುಗಿಸಿ ತೆಗೆಯುವ ಮುಚ್ಚಳ ಟ್ಯಾಪೆಟ್ ಕ್ಯಾಪ್. ಟ್ಯಾಪೆಟ್ ಕ್ಯಾಪ್‌ನ ಓ ರಿಂಗ್ ಗಟ್ಟಿಯಾಗಿ ಜಿನುಗಿದ ಎಣ್ಣೆ ಹೆಡ್‌ನ ರೆಕ್ಕೆಗಳ ನಡುವೆ ಹರಿದು ಬ್ಲಾಕ್ ಸೇರುವ ಗೆರೆಯಲ್ಲಿ ನಿಲ್ಲುತ್ತದೆ. ನೋಡಿದವರು ಹೆಡ್ ಗ್ಯಾಸ್ಕೆಟ್ ಹೋಯಿತು ಎಂದು ಹೆಡ್ ಬಿಚ್ಚಿಸುತ್ತಾರೆ. ಕೆಲವೇ ರೂಪಾಯಿಯ ರಬ್ಬರ್ ರಿಂಗ್‌ನಿಂದ ಮುಗಿಯುವ ಕೆಲಸ ದಿನವಿಡೀ ಹಿಡಿಯುತ್ತದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಡೀಸೆಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ಹೊರಮೈ ಎಲ್ಲ ಉಜ್ಜಿ. ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಅನುಮಾನ ಇರುವ ಸೇರುವೆಗಳ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಐದಾರು ಕಿಲೋಮೀಟರ್ ನಿಧಾನಕ್ಕೆ ಓಡಿಸಿ ಬನ್ನಿ. ಪೌಡರ್ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅದೇ ಮೂಲ.

ಬಲಗಡೆ ಕ್ಲಚ್ ಕವರ್‌ನ ಅಂಚಿನಲ್ಲಿ ಒದ್ದೆ ಇದ್ದರೆ ಕ್ಲಚ್ ಕವರ್ ಗ್ಯಾಸ್ಕೆಟ್. ಕಿಕ್ಕರ್ ಶಾಫ್ಟ್ ಸುತ್ತ ಮಾತ್ರ ಒದ್ದೆ ಇದ್ದರೆ ಅದು ಗ್ಯಾಸ್ಕೆಟ್ ಅಲ್ಲ, ಶಾಫ್ಟ್ ಸುತ್ತ ಕೂರುವ ರಬ್ಬರ್ ಬಳೆ, ಅಂದರೆ ಆಯಿಲ್ ಸೀಲ್. ಎಡಗಡೆ ಚೈನ್ ಸ್ಪ್ರಾಕೆಟ್ ಹಿಂದೆ, ಗೇರ್ ಶಾಫ್ಟ್ ಸುತ್ತ ಸೋರಿದರೂ ಅವು ಸೀಲ್‌ಗಳೇ. ಎಷ್ಟು ಗ್ಯಾಸ್ಕೆಟ್ ಬದಲಿಸಿದರೂ ನಿಲ್ಲುವುದಿಲ್ಲ. ಹೆಡ್ ಮತ್ತು ಬ್ಲಾಕ್ ನಡುವೆ ಎಣ್ಣೆಯ ಜೊತೆ ಒಣ ಕಪ್ಪು ಮಸಿಯ ಗೆರೆ ಇದ್ದು, ಕಿಕ್ ಹೊಡೆದಾಗ ಅಲ್ಲಿಂದ ಉಸ್ ಎಂಬ ಸದ್ದು ಬಂದರೆ ಹೆಡ್ ಗ್ಯಾಸ್ಕೆಟ್. ಬ್ಲಾಕ್ ಕ್ರ್ಯಾಂಕ್‌ಕೇಸಿಗೆ (ಎಂಜಿನ್‌ನ ಮುಖ್ಯ ಪೆಟ್ಟಿಗೆಗೆ) ಸೇರುವ ಕಡೆ, ಅದರಲ್ಲೂ ತಳಭಾಗದಲ್ಲಿ ತೊಟ್ಟಿಕ್ಕಿದರೆ ಬೇಸ್ ಗ್ಯಾಸ್ಕೆಟ್.

ಒಂದಕ್ಕಿಂತ ಹೆಚ್ಚು ಕಡೆ ಒಟ್ಟಿಗೇ ಸೋರಲು ಶುರುವಾಗಿದ್ದರೆ ಸ್ಪ್ಯಾನರ್ ಹಿಡಿಯುವ ಮೊದಲು ಬ್ರೀದರ್ ಪೈಪ್ ನೋಡಿ. ಪಿಸ್ಟನ್ ಹಿಂದೆಮುಂದೆ ಆಡುವಾಗ ಕ್ರ್ಯಾಂಕ್‌ಕೇಸ್ ಒಳಗಿನ ಗಾಳಿಗೆ ಹೊರಹೋಗಲು ದಾರಿ ಬೇಕು. ಪೈಪ್ ಮಡಚಿಕೊಂಡಿದ್ದರೆ ಅಥವಾ ಕೆಸರು ಕಟ್ಟಿದ್ದರೆ ಒಳಗೆ ಒತ್ತಡ ಏರಿ, ಎಲ್ಲಿ ಬಲಹೀನವೋ ಅಲ್ಲಿಂದ ಎಣ್ಣೆ ಹೊರಬರುತ್ತದೆ. ಪಿಸ್ಟನ್ ರಿಂಗ್ ಸವೆದ ಎಂಜಿನ್‌ನಲ್ಲೂ ಇದೇ ಆಗುತ್ತದೆ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತಿದ್ದರೆ ಮೊದಲು ಬೋರ್ ಕೆಲಸ (ಸಿಲಿಂಡರ್, ರಿಂಗ್ ರಿಪೇರಿ), ಆಮೇಲೆ ಗ್ಯಾಸ್ಕೆಟ್. ಆಯಿಲ್ ಮಟ್ಟ ಕಡ್ಡಿಯ ಮೇಲಿನ ಗುರುತು ದಾಟಿದ್ದರೂ ಒತ್ತಡ ಹೆಚ್ಚುತ್ತದೆ.

ಏನೇನು ತರಬೇಕು

ಸೋರುತ್ತಿರುವ ಭಾಗದ ಗ್ಯಾಸ್ಕೆಟ್ ಒಂದೇ ಬೇಕಿದ್ದರೂ ಫುಲ್ ಪ್ಯಾಕಿಂಗ್ ಸೆಟ್ ತರುವುದು ಜಾಣತನ. ಬಿಚ್ಚಿದ ಮೇಲೆ ಇನ್ನೊಂದು ಓ ರಿಂಗ್ ಒಡೆದದ್ದು ಕಂಡರೆ ಮತ್ತೆ ಅಂಗಡಿಗೆ ಓಡುವುದು ತಪ್ಪುತ್ತದೆ. ಕೊಳ್ಳುವಾಗ ಗಾಡಿಯ ಮಾಡೆಲ್ ಮತ್ತು ವರ್ಷ ಹೇಳಿ. ಸ್ಪ್ಲೆಂಡರ್ ಪ್ಲಸ್, ಸೂಪರ್ ಸ್ಪ್ಲೆಂಡರ್ ಎಂಜಿನ್‌ಗಳು ಬೇರೆ ಬೇರೆ, ಒಂದರ ಸೆಟ್ ಇನ್ನೊಂದಕ್ಕೆ ಕೂರುವುದಿಲ್ಲ. ಕಿಕ್ಕರ್ ಶಾಫ್ಟ್ ಸೀಲ್ ಮತ್ತು ಡ್ರೇನ್ ಬೋಲ್ಟ್‌ನ ವಾಷರ್ ಸೆಟ್‌ನಲ್ಲಿ ಇಲ್ಲದಿದ್ದರೆ ಬೇರೆಯಾಗಿ ಕೇಳಿ. ಗ್ಯಾಸ್ಕೆಟನ್ನು ಮಡಚದೆ, ಚಪ್ಪಟೆಯಾಗಿ ರಟ್ಟಿನ ನಡುವೆ ಇಟ್ಟು ಮನೆಗೆ ತನ್ನಿ. ಮಡಿಕೆಯ ಗೆರೆ ಬಿದ್ದ ಕಾಗದ ಅದೇ ಗೆರೆಯಲ್ಲಿ ಸೋರುತ್ತದೆ.

8, 10, 12, 14 ಮತ್ತು 17ರ ಸ್ಪ್ಯಾನರ್, 8 ಮತ್ತು 10ರ ಟಿ ಸ್ಪ್ಯಾನರ್, ಒಳ್ಳೆಯ ಪ್ಲಸ್ ಸ್ಕ್ರೂಡ್ರೈವರ್, ರಬ್ಬರ್ ಸುತ್ತಿಗೆ, ಸಣ್ಣ ಸಂದಿ ಅಳೆಯುವ ಫೀಲರ್ ಗೇಜ್, ಪ್ಲಾಸ್ಟಿಕ್ ಸ್ಕ್ರೇಪರ್, ಥಿನ್ನರ್, ನೂಲು ಬಿಡದ ಹತ್ತಿ ಬಟ್ಟೆ, 10ಡಬ್ಲ್ಯೂ-30 ಆಯಿಲ್‌ನ 900 ಮಿಲಿ ಡಬ್ಬಿ. 5ರಿಂದ 25 ನ್ಯೂಟನ್ ಮೀಟರ್‌ವರೆಗಿನ, ಬಿಗಿಯುವ ಬಲ ಅಳೆಯುವ ಸಣ್ಣ ಟಾರ್ಕ್ ರೆಂಚ್ ಇದ್ದರೆ ತುಂಬ ಒಳ್ಳೆಯದು. ಹೆಡ್ ಬಿಚ್ಚುವುದಾದರೆ ಅದಿಲ್ಲದೆ ಶುರು ಮಾಡಬೇಡಿ. ಹಳೆಯ ಗಾಡಿಗಳಲ್ಲಿ ಕವರ್‌ಗೆ ಪ್ಲಸ್ ತಲೆಯ ಸ್ಕ್ರೂ ಇದ್ದರೆ ಸುತ್ತಿಗೆಯಿಂದ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಬೇಕೇ ಬೇಕು, ಇಲ್ಲವಾದರೆ ತಲೆ ಸವೆದು ಡ್ರಿಲ್ ಹಿಡಿಯಬೇಕಾಗುತ್ತದೆ.

ಕ್ಲಚ್ ಕವರ್ ಗ್ಯಾಸ್ಕೆಟ್

ಮನೆಯಲ್ಲಿ ಮೊದಲು ಮಾಡಿ ಕೈ ಪಳಗಿಸಿಕೊಳ್ಳಬೇಕಾದ ಕೆಲಸ ಇದು. ಗಾಡಿಯನ್ನು ಸಮತಟ್ಟು ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ನಿಂತಲ್ಲೇ ಎರಡು ನಿಮಿಷ ಎಂಜಿನ್ ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ 17ರ ಡ್ರೇನ್ ಬೋಲ್ಟ್ ತೆಗೆದು ಆಯಿಲ್ ಇಳಿಸಿ. ಗಾಡಿಯನ್ನು ಎಡಕ್ಕೆ ವಾಲಿಸಿ ಎಣ್ಣೆ ಇಳಿಸದೆಯೇ ಕವರ್ ತೆಗೆಯುವವರೂ ಇದ್ದಾರೆ. ಹಳೆಯ ಗ್ಯಾಸ್ಕೆಟ್ ಕೆರೆಯುವಾಗ ಒಳಗೆ ಬಿದ್ದ ಚೂರು ಆ ಎಣ್ಣೆಯಲ್ಲೇ ಉಳಿಯುತ್ತದೆ, ಹಾಗಾಗಿ ಇಳಿಸುವುದೇ ಸರಿ.

ಸೈಲೆನ್ಸರ್, ಫುಟ್‌ರೆಸ್ಟ್ ಬಿಚ್ಚಿ. ಕಿಕ್ಕರ್ ಯಾವ ಕೋನದಲ್ಲಿದೆ ಎಂದು ಮಾರ್ಕರ್‌ನಿಂದ ಶಾಫ್ಟ್ ಮತ್ತು ಕಿಕ್ಕರ್ ಎರಡಕ್ಕೂ ಸೇರಿಸಿ ಗೆರೆ ಎಳೆದು, ಬೋಲ್ಟನ್ನು ಪೂರ್ತಿ ಹೊರತೆಗೆದು ಕಿಕ್ಕರ್ ಎಳೆಯಿರಿ. ಬೋಲ್ಟ್ ಬರೀ ಸಡಿಲಿಸಿದರೆ ಕಿಕ್ಕರ್ ಬರುವುದಿಲ್ಲ. ಕ್ಲಚ್ ಕೇಬಲ್ ಸಡಿಲಿಸಿ ಕವರ್ ಮೇಲಿನ ಲಿವರ್‌ನಿಂದ ಬಿಡಿಸಿ. ಬ್ರೇಕ್ ಪೆಡಲ್ ಅಡ್ಡ ಬಂದರೆ ಕೆಳಕ್ಕೆ ಒತ್ತಿ ಕಟ್ಟಿ.

ಈಗ ಕವರ್‌ನ ಬೋಲ್ಟ್‌ಗಳು. ಇವುಗಳ ಉದ್ದ ಒಂದೇ ಸಮ ಇರುವುದಿಲ್ಲ. ಒಂದು ರಟ್ಟಿನ ಮೇಲೆ ಕವರ್‌ನ ಆಕಾರ ಬರೆದು, ಪ್ರತಿ ಬೋಲ್ಟ್ ಬಂದ ಜಾಗದಲ್ಲೇ ಚುಚ್ಚಿಡಿ. ಉದ್ದದ ಬೋಲ್ಟನ್ನು ಗಿಡ್ಡದ ತೂತಿಗೆ ಹಾಕಿ ಬಿಗಿದರೆ ತುದಿ ತಳಕ್ಕೆ ತಾಗುತ್ತದೆ, ಬಿಗಿಯಾಯಿತೆಂದು ಕೈಗೆ ಅನಿಸಿದರೂ ಕವರ್ ಕೂತಿರುವುದಿಲ್ಲ. ಇನ್ನೂ ಬಲ ಹಾಕಿದರೆ ಕೇಸ್ ಸೀಳುತ್ತದೆ. ಗಿಡ್ಡದನ್ನು ಉದ್ದದ ತೂತಿಗೆ ಹಾಕಿದರೆ ಎರಡು ಮೂರು ಸುತ್ತು ಥ್ರೆಡ್ ಮಾತ್ರ ಹಿಡಿದು ಅಲ್ಯೂಮಿನಿಯಂ ಕಿತ್ತು ಬರುತ್ತದೆ. ರಟ್ಟು ಕಳೆದುಹೋದರೂ ಪರೀಕ್ಷೆ ಸುಲಭ: ಕವರ್ ಇಟ್ಟು ಬೋಲ್ಟ್‌ಗಳನ್ನೆಲ್ಲ ತಿರುಗಿಸದೆ ತೂತಿಗೆ ಇಳಿಬಿಟ್ಟರೆ ಪ್ರತಿಯೊಂದರ ತಲೆಯೂ ಕವರ್‌ನಿಂದ ಒಂದೇ ಎತ್ತರಕ್ಕೆ ಹೊರಗೆ ನಿಲ್ಲಬೇಕು.

ಎಲ್ಲ ಬೋಲ್ಟ್ ಬಂದ ಮೇಲೂ ಕವರ್ ಅಂಟಿಕೊಂಡಿರುತ್ತದೆ. ರಬ್ಬರ್ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿ. ಸಂದಿಯಲ್ಲಿ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಅಲ್ಲಿ ಬಿದ್ದ ಕೂದಲೆಳೆಯಷ್ಟು ಗೀರೂ ಮುಂದೆ ಸೋರುವ ದಾರಿಯಾಗುತ್ತದೆ. ಕವರ್ ನಿಧಾನಕ್ಕೆ ನೇರವಾಗಿ ಎಳೆಯಿರಿ, ಕೆಳಗೆ ಟ್ರೇ ಇರಲಿ. ಕಿಕ್ ಶಾಫ್ಟ್‌ನ ವಾಷರ್, ಕ್ಲಚ್ ಒತ್ತುವ ಸಣ್ಣ ಭಾಗಗಳು ಎಣ್ಣೆಯ ಅಂಟಿಗೆ ಕವರ್ ಜೊತೆ ಬಂದು ಕೆಳಗೆ ಬೀಳುವುದು ಸಾಮಾನ್ಯ. ತೆಗೆದ ಕೂಡಲೇ ಎರಡೂ ಬದಿಯ ಫೋಟೋ ತೆಗೆದುಕೊಳ್ಳಿ.

ಕವರ್ ತೆಗೆದಿರುವಾಗ ಮಾಡಲೇಬೇಕಾದ ಇನ್ನೊಂದು ಕೆಲಸ ಇದೆ. ಈ ಎಂಜಿನ್‌ನಲ್ಲಿ ಕಾರಿನ ಹಾಗೆ ಬದಲಿಸುವ ಕಾಗದದ ಆಯಿಲ್ ಫಿಲ್ಟರ್ ಇಲ್ಲ. ಕ್ರ್ಯಾಂಕ್ ತುದಿಯಲ್ಲಿ ತಿರುಗುವ ಬಟ್ಟಲಿನಂಥ ರೋಟರ್ ಇದೆ. ಕೊಳೆ ಅದರ ಗೋಡೆಗೆ ಎಸೆಯಲ್ಪಟ್ಟು ಅಂಟುತ್ತದೆ. ಕ್ಲಚ್ ಕವರ್ ಬಿಚ್ಚದೆ ಇದು ಕೈಗೆ ಸಿಗುವುದಿಲ್ಲವಾದ್ದರಿಂದ ಆಯಿಲ್ ಚೇಂಜ್ ಎಷ್ಟು ಸಲ ಮಾಡಿಸಿದರೂ ಆ ಕೊಳೆ ಅಲ್ಲೇ ಇರುತ್ತದೆ. ಮುಚ್ಚಳದ ಸ್ಕ್ರೂ ತೆಗೆದರೆ ಒಳಗೆ ಕಾಡಿಗೆಯಂಥ ಕಪ್ಪು ಪದರ ಕಾಣುತ್ತದೆ. ಮರದ ಕಡ್ಡಿಯಿಂದ ಕೆರೆದು, ಬಟ್ಟೆಗೆ ಡೀಸೆಲ್ ತಗುಲಿಸಿ ಒರೆಸಿ. ನಡುವಿನ ಎಣ್ಣೆ ತೂತಿಗೆ ಕೊಳೆ ತಳ್ಳಬೇಡಿ, ಅದು ನೇರ ಕ್ರ್ಯಾಂಕ್ ಬೇರಿಂಗ್‌ಗೆ ಹೋಗುವ ದಾರಿ. ಮುಚ್ಚಳದ ಗ್ಯಾಸ್ಕೆಟ್ ಹೊಸದು ಹಾಕಿ. ಕೇಸ್‌ನ ಕೆಳಗಿನ ಸೀಳಿನಲ್ಲಿ ಕೂತಿರುವ ಜಾಲರಿಯನ್ನೂ ಎಳೆದು ತೊಳೆದು, ಯಾವ ಮುಖ ಹೇಗಿತ್ತೋ ಹಾಗೇ ಹಾಕಿ.

ಮೈ ಕೆರೆಯುವುದೇ ನಿಜವಾದ ಕೆಲಸ

ಹಳೆಯ ಕಾಗದ ಅರ್ಧ ಕವರ್‌ಗೆ, ಅರ್ಧ ಕೇಸ್‌ಗೆ ಅಂಟಿಕೊಂಡಿರುತ್ತದೆ. ತೆರೆದ ಬಾಯಿಗೆಲ್ಲ ಬಟ್ಟೆ ತುರುಕಿ. ಥಿನ್ನರ್‌ನಲ್ಲಿ ಒದ್ದೆ ಮಾಡಿದ ಹತ್ತಿಯನ್ನು ಕಾಗದದ ಮೇಲೆ ಹತ್ತು ನಿಮಿಷ ಇಟ್ಟರೆ ಮೆತ್ತಗಾಗುತ್ತದೆ. ಆಮೇಲೆ ಪ್ಲಾಸ್ಟಿಕ್ ಸ್ಕ್ರೇಪರ್, ಅದಕ್ಕೂ ಬಗ್ಗದಿದ್ದರೆ ಶೇವಿಂಗ್ ಬ್ಲೇಡನ್ನು ಮೈಗೆ ಪೂರ್ತಿ ಚಪ್ಪಟೆಯಾಗಿ ಹಿಡಿದು ಜಾರಿಸಿ. ಬ್ಲೇಡಿನ ಮೂಲೆ ತಾಗಿದರೆ ಅಲ್ಯೂಮಿನಿಯಂ ಸೀಳುತ್ತದೆ. ಉಳಿ, ಡ್ರಿಲ್‌ಗೆ ಸಿಕ್ಕಿಸುವ ವೈರ್ ಬ್ರಷ್ ಹತ್ತಿರವೂ ತರಬೇಡಿ. ತುಂಬ ಹಳೆಯ ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಒಣಗಿರುವಾಗ ಉಜ್ಜಿ ಧೂಳೆಬ್ಬಿಸದೆ ಯಾವಾಗಲೂ ಒದ್ದೆ ಮಾಡಿಯೇ ಕೆರೆಯಿರಿ. ಥಿನ್ನರ್ ಬಳಸುವಾಗ ಬಯಲಲ್ಲಿ ಕೂತುಕೊಳ್ಳಿ, ಹತ್ತಿರ ಒಲೆ, ಬೀಡಿ ಯಾವುದೂ ಬೇಡ.

ಕಣ್ಣಿಗೆ ಶುಭ್ರ ಕಂಡರೆ ಸಾಲದು. ಕಣ್ಣು ಮುಚ್ಚಿ ಉಗುರನ್ನು ಅಂಚಿನ ಉದ್ದಕ್ಕೂ ಎಳೆಯಿರಿ. ಎಲ್ಲಿ ತಡೆಯುತ್ತದೋ ಅಲ್ಲಿ ಇನ್ನೂ ಕಾಗದ ಇದೆ. ಕವರನ್ನು ದಪ್ಪ ಗಾಜಿನ ಮೇಲೆ ಇಟ್ಟು ಮೂಲೆಗಳನ್ನು ಒತ್ತಿ ನೋಡಿ. ಲಟಪಟ ಆಡಿದರೆ ಡೊಂಕಾಗಿದೆ. ಸ್ವಲ್ಪವೇ ಆದರೆ ಗಾಜಿನ ಮೇಲೆ 400ರ ವಾಟರ್ ಪೇಪರ್ ಹಾಸಿ, ಎಣ್ಣೆ ಬಿಟ್ಟು, ಕವರನ್ನು ಎಂಟರ ಆಕಾರದಲ್ಲಿ ಉಜ್ಜಿದರೆ ಸಮವಾಗುತ್ತದೆ. ಉಜ್ಜಿದ ಮೇಲೆ ಪುಡಿ ಒಂದು ಕಣವೂ ಉಳಿಯದ ಹಾಗೆ ತೊಳೆಯಿರಿ. ಬೋಲ್ಟ್ ತೂತುಗಳಲ್ಲಿ ಎಣ್ಣೆ ನಿಂತಿದ್ದರೆ ಬಟ್ಟೆಯ ಬತ್ತಿ ತಿರುಗಿಸಿ ಒಣಗಿಸಿ. ಎಣ್ಣೆ ತುಂಬಿದ ತೂತಿಗೆ ಬೋಲ್ಟ್ ಇಳಿಸಿ ಬಿಗಿದರೆ ಎಣ್ಣೆಗೆ ಹೋಗಲು ಜಾಗವಿಲ್ಲದೆ ಕೇಸ್ ಬಿರುಕು ಬಿಡಬಹುದು.

ಕೇಸ್‌ಗೂ ಕವರ್‌ಗೂ ನಡುವೆ ಎರಡು ಟೊಳ್ಳು ಡವೆಲ್ ಪಿನ್ ಇರುತ್ತವೆ. ಅವು ಹಳೆಯ ಕಾಗದದ ಜೊತೆ ಕಸಕ್ಕೆ ಹೋಗದಂತೆ ನೋಡಿಕೊಳ್ಳಿ. ಅವಿಲ್ಲದೆ ಕವರ್ ಹಾಕಿದರೆ ಕೂದಲೆಳೆಯಷ್ಟು ಪಕ್ಕಕ್ಕೆ ಜರುಗಿ ಕೂರುತ್ತದೆ.

ಸಿಲಿಕೋನ್ ಪೇಸ್ಟ್, ಎಲ್ಲರೂ ಅನಬಾಂಡ್ ಎಂದು ಕರೆಯುವುದು, ಹಚ್ಚಬೇಕೇ? ಮೈ ಚೆನ್ನಾಗಿದ್ದರೆ ಬೇಡ. ದಪ್ಪಕ್ಕೆ ಹಚ್ಚಿದಾಗ ಹೊರಗೆ ಕಾಣುವಷ್ಟೇ ಪೇಸ್ಟ್ ಒಳಗೂ ಹಿಂಡಿಕೊಂಡಿರುತ್ತದೆ. ಅದು ಗಟ್ಟಿಯಾಗಿ ಕಳಚಿ ಆಯಿಲ್ ಜಾಲರಿಗೆ ಸಿಕ್ಕಿಕೊಂಡರೆ ಹೆಡ್‌ಗೆ ಎಣ್ಣೆ ಕಡಿಮೆಯಾಗಿ, ವಾಲ್ವ್ ತೆರೆಯುವ ಕ್ಯಾಮ್ ಸವೆಯುತ್ತದೆ. ಲೀಕ್ ನಿಲ್ಲಿಸಲು ಹೋಗಿ ಎಂಜಿನ್ ಕಳೆದುಕೊಳ್ಳುವ ದಾರಿ ಇದು. ಗೀರು ಬಿದ್ದ ಜಾಗಕ್ಕೆ ಮಾತ್ರ ಬೆರಳಿನಿಂದ ತೆಳ್ಳಗೆ ಒರೆಸಿದರೆ ಸಾಕು. ಉಳಿದಂತೆ ಗ್ಯಾಸ್ಕೆಟ್‌ನ ಒಂದು ಮೈಗೆ ಗ್ರೀಸ್ ಸವರಿ ಕೇಸ್‌ಗೆ ಅಂಟಿಸಿ. ಮುಂದಿನ ಸಲ ಬಿಚ್ಚುವಾಗ ಹರಿಯದೆ ಬರುತ್ತದೆ.

ಮತ್ತೆ ಜೋಡಿಸುವುದು

ಕಿಕ್ ಶಾಫ್ಟ್‌ನ ಹಳೆಯ ಸೀಲ್ ತೆಗೆದು, ಹೊಸದನ್ನು ಅದೇ ಅಳತೆಯ ಸಾಕೆಟ್ ಇಟ್ಟು ನೇರವಾಗಿ ತಟ್ಟಿ ಕೂರಿಸಿ, ತುಟಿಗೆ ಗ್ರೀಸ್ ಹಚ್ಚಿ. ಶಾಫ್ಟ್‌ನ ಹಲ್ಲುಗಳ ಮೇಲೆ ಒಂದು ಸುತ್ತು ಸೆಲ್ಲೋಟೇಪ್ ಸುತ್ತಿ ಆಮೇಲೆ ಕವರ್ ಹಾಕಿ, ಕೂತ ಮೇಲೆ ಟೇಪ್ ಎಳೆದುಬಿಡಿ. ಟೇಪ್ ಇಲ್ಲದಿದ್ದರೆ ಚೂಪು ಹಲ್ಲುಗಳು ಹೊಸ ಸೀಲ್‌ನ ತುಟಿಯನ್ನು ಮೊದಲ ದಿನವೇ ಕತ್ತರಿಸುತ್ತವೆ.

ಕವರ್ ಕೈಯಿಂದ ಒತ್ತಿದರೆ ಪೂರ್ತಿ ಕೂರಬೇಕು. ಒಂದು ಕಡೆ ಸಂದಿ ಉಳಿದರೆ ಬೋಲ್ಟ್‌ನಿಂದ ಎಳೆದು ಕೂರಿಸಲು ಹೋಗದೆ ತೆಗೆದು ನೋಡಿ: ಯಾವುದೋ ವಾಷರ್ ಜಾಗ ತಪ್ಪಿರುತ್ತದೆ ಅಥವಾ ಕ್ಲಚ್ ಲಿವರ್ ಸರಿಯಾಗಿ ಸೇರಿರುವುದಿಲ್ಲ. ಎಲ್ಲ ಬೋಲ್ಟ್‌ಗಳನ್ನೂ ಮೊದಲು ಬೆರಳಿನಲ್ಲೇ ತಿರುಗಿಸಿ, ಆಮೇಲೆ ಎದುರುಬದುರು ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. 6 ಎಂಎಂ ಬೋಲ್ಟ್‌ಗೆ 10 ನ್ಯೂಟನ್ ಮೀಟರ್ ಸಾಕು. ಅಂದರೆ ಹತ್ತು ಸೆಂಟಿಮೀಟರ್ ಉದ್ದದ ಹಿಡಿಯನ್ನು ಸುಮಾರು ಹತ್ತು ಕೆಜಿ ಬಲದಲ್ಲಿ ಎಳೆದಷ್ಟು. ಇಲ್ಲಿ ಕೈ ಬಲ ತೋರಿಸಿದವರೇ ಥ್ರೆಡ್ ಹಾಳು ಮಾಡಿ ಲೇತ್ ಅಂಗಡಿಗೆ ಹೋಗುವುದು. ಅತಿ ಬಿಗಿದರೆ ಬೋಲ್ಟ್ ಪಕ್ಕದ ಕಾಗದ ಜಜ್ಜಿ, ಎರಡು ಬೋಲ್ಟ್‌ಗಳ ನಡುವೆ ಕವರ್ ಬಾಗಿ ಅಲ್ಲಿಂದಲೇ ಜಿನುಗುತ್ತದೆ.

ಡ್ರೇನ್ ಬೋಲ್ಟ್‌ಗೆ ಹೊಸ ವಾಷರ್ ಹಾಕಿ ಬಿಗಿದು, ಎಣ್ಣೆ ಹಾಕಿ, ಕಡ್ಡಿಯನ್ನು ತಿರುಗಿಸದೆ ಬರೀ ಇಳಿಬಿಟ್ಟು ಮಟ್ಟ ನೋಡಿ. ಕ್ಲಚ್ ಲಿವರ್ ತುದಿಯಲ್ಲಿ 10ರಿಂದ 20 ಎಂಎಂ ಆಟ ಇರುವಂತೆ ಕೇಬಲ್ ಹೊಂದಿಸಿ. ಹತ್ತು ನಿಮಿಷ ಓಡಿಸಿ ನಿಲ್ಲಿಸಿ, ಮಟ್ಟ ಮತ್ತೆ ನೋಡಿ. ಇಳಿಸಿದ ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ. ಗ್ಯಾರೇಜ್‌ನವರು ಡ್ರಮ್‌ನಲ್ಲಿ ಕೂಡಿಟ್ಟು ಕೊಡುತ್ತಾರೆ, ಅವರಿಗೆ ತಲುಪಿಸಿ.

ಗ್ಯಾಸ್ಕೆಟ್ ಸಿಗದ ಊರಿನಲ್ಲಿ ಎಣ್ಣೆಗೆ ತಾಳುವ 0.5 ಎಂಎಂ ಪ್ಯಾಕಿಂಗ್ ಹಾಳೆಯಿಂದ ಕವರ್ ಗ್ಯಾಸ್ಕೆಟ್ ಕತ್ತರಿಸಿಕೊಳ್ಳಬಹುದು. ಕವರ್ ಅಂಚಿಗೆ ಗ್ರೀಸ್ ಸವರಿ ಹಾಳೆಯ ಮೇಲೆ ಒತ್ತಿದರೆ ಅಚ್ಚು ಮೂಡುತ್ತದೆ. ಮೊದಲು ತೂತುಗಳನ್ನು ಟೊಳ್ಳು ಪಂಚ್‌ನಿಂದ ಹೊಡೆದು, ಆಮೇಲೆ ಅಂಚು ಕತ್ತರಿಸಿ. ಕವರ್ ಮೇಲೆ ಹಾಳೆ ಇಟ್ಟು ಸುತ್ತಿಗೆಯಿಂದ ಅಂಚು ಬಡಿದು ಕತ್ತರಿಸುವ ರೂಢಿ ಬಿಡಿ, ಅಲ್ಯೂಮಿನಿಯಂ ಅಂಚು ದುಂಡಗಾಗುತ್ತದೆ. ಬೇಸ್ ಗ್ಯಾಸ್ಕೆಟನ್ನು ಹೀಗೆ ಮಾಡಬಾರದು. ಅದರ ದಪ್ಪ ಬದಲಾದರೆ ಪಿಸ್ಟನ್‌ಗೂ ಹೆಡ್‌ಗೂ ನಡುವಿನ ಅಂತರ ಬದಲಾಗುತ್ತದೆ.

ಹೆಡ್ ಮತ್ತು ಬೇಸ್ ಗ್ಯಾಸ್ಕೆಟ್

ಇದಕ್ಕೆ ಇಡೀ ಒಂದು ದಿನ ಬೇಕು, ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿ ಇರುವಾಗ ನಟ್ ಬಿಚ್ಚಿದರೆ ಹೆಡ್ ಡೊಂಕಾಗುವ ಅಪಾಯ ಇದೆ. ಸೈಲೆನ್ಸರ್, ಕಾರ್ಬುರೇಟರ್, ಪ್ಲಗ್ ತೆಗೆಯಿರಿ. ಎಡಗಡೆ ಮ್ಯಾಗ್ನೆಟ್ (ಕ್ರ್ಯಾಂಕ್ ತುದಿಯಲ್ಲಿ ತಿರುಗುವ ಚಕ್ರ) ಕವರ್‌ನ ಎರಡು ಮುಚ್ಚಳ ಬಿಚ್ಚಿ, ಕ್ರ್ಯಾಂಕನ್ನು ಅಪ್ರದಕ್ಷಿಣೆಯಾಗಿ ತಿರುಗಿಸುತ್ತ ಮ್ಯಾಗ್ನೆಟ್ ಮೇಲಿನ ಟಿ ಗುರುತನ್ನು ಕಿಟಕಿಯ ಗೆರೆಗೆ ಸರಿಯಾಗಿ ನಿಲ್ಲಿಸಿ. ಆಗ ಎರಡೂ ರಾಕರ್‌ಗಳು (ವಾಲ್ವ್ ಒತ್ತುವ ತೋಳುಗಳು) ಬೆರಳಿಗೆ ಸ್ವಲ್ಪ ಆಡಬೇಕು. ಆಡದಿದ್ದರೆ ಇನ್ನೊಂದು ಪೂರ್ತಿ ಸುತ್ತು. ಹೆಡ್‌ನ ಎಡ ಬದಿಯ ಮುಚ್ಚಳ ತೆಗೆದರೆ ಕ್ಯಾಮ್ ಸ್ಪ್ರಾಕೆಟ್ ಕಾಣುತ್ತದೆ. ಅದರ ಗುರುತು ಹೆಡ್‌ನ ಗುರುತಿಗೆ ಹೇಗೆ ಸೇರಿದೆ ಎಂದು ಫೋಟೋ ತೆಗೆದು, ಚೈನ್ ಬಿಗಿಯಾಗಿಡುವ ಟೆನ್ಷನರ್‌ನ ಒತ್ತಡ ಬಿಡಿಸಿ, ಸ್ಪ್ರಾಕೆಟ್ ಬಿಚ್ಚಿ, ಟೈಮಿಂಗ್ ಚೈನನ್ನು ತಂತಿಯಿಂದ ಹೊರಗೆ ಕಟ್ಟಿ. ಕೈ ಜಾರಿ ಚೈನ್ ಕೆಳಗೆ ಬಿದ್ದರೆ ಮ್ಯಾಗ್ನೆಟ್ ಕಡೆಯಿಂದ ಬಿಚ್ಚಿ ತೆಗೆಯಬೇಕಾದೀತು.

ಹೆಡ್‌ನ ನಟ್‌ಗಳನ್ನು ಎದುರುಬದುರು ಕಾಲು ಕಾಲು ಸುತ್ತು ಸಡಿಲಿಸಿ. ಯಾವ ಸ್ಟಡ್‌ಗೆ ಯಾವ ನಟ್, ಯಾವ ವಾಷರ್ ಇತ್ತು ಎಂದು ಗುರುತಿಟ್ಟುಕೊಳ್ಳಿ. ಎಣ್ಣೆ ಮೇಲೇರುವ ದಾರಿಯ ವಾಷರ್ ಜಾಗ ಬದಲಾದರೆ ಹೊಸ ಗ್ಯಾಸ್ಕೆಟ್ ಹಾಕಿಯೂ ನಟ್ ಬುಡದಿಂದ ಎಣ್ಣೆ ಬರುತ್ತದೆ. ಹೆಡ್ ಅಂಟಿಕೊಂಡಿದ್ದರೆ ರಬ್ಬರ್ ಸುತ್ತಿಗೆಯಿಂದ ತಟ್ಟಿ. ರೆಕ್ಕೆಗಳ ನಡುವೆ ಏನನ್ನೂ ತೂರಿಸಿ ಮೀಟಬೇಡಿ, ಮುರಿದ ರೆಕ್ಕೆ ಮತ್ತೆ ಕೂಡುವುದಿಲ್ಲ.

ಕೆರೆದ ಮೇಲೆ ಹೆಡ್‌ನ ಮೈ ಮೇಲೆ ಉಕ್ಕಿನ ಸ್ಕೇಲ್ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ 0.05 ಎಂಎಂ ಫೀಲರ್ ತೂರಿಸಿ ನೋಡಿ. ನುಗ್ಗಿದರೆ ಲೇತ್‌ನಲ್ಲಿ ಫೇಸಿಂಗ್ ಮಾಡಿಸಿ, ಅಂದರೆ ಮೈ ಸಮ ಮಾಡಿಸಿಯೇ ಜೋಡಿಸಿ. ಹೊಸ ಗ್ಯಾಸ್ಕೆಟನ್ನು ಮೊದಲು ಬ್ಲಾಕ್ ಮೇಲೆ ಹಾಗೇ ಇಟ್ಟು ಪ್ರತಿ ತೂತೂ ಹೊಂದುತ್ತದೆಯೇ ಎಂದು ನೋಡಿ. ತಲೆಕೆಳಗಾದರೆ ಎಣ್ಣೆಯ ದಾರಿ ಮುಚ್ಚಿಹೋಗುತ್ತದೆ. ಡವೆಲ್ ಪಿನ್, ಎಣ್ಣೆ ದಾರಿಯ ಸಣ್ಣ ಓ ರಿಂಗ್ ಮರೆಯಬೇಡಿ. ಹೆಡ್ ಗ್ಯಾಸ್ಕೆಟ್‌ಗೆ ಯಾವ ಪೇಸ್ಟೂ ಬೇಡ.

ಬೇಸ್ ಗ್ಯಾಸ್ಕೆಟ್‌ಗಾಗಿ ಬ್ಲಾಕ್ ಎಳೆದಿದ್ದರೆ ಕ್ರ್ಯಾಂಕ್‌ಕೇಸ್ ಬಾಯಿಗೆ ಬಟ್ಟೆ ತುರುಕಿದ ಮೇಲೆಯೇ ಕೆರೆಯಿರಿ. ಮತ್ತೆ ಹಾಕುವಾಗ ಪಿಸ್ಟನ್ ರಿಂಗ್‌ಗಳ ಬಾಯಿಗಳನ್ನು 120 ಡಿಗ್ರಿ ಅಂತರಕ್ಕೆ ತಿರುಗಿಸಿ, ಬೋರ್‌ಗೆ ಎಣ್ಣೆ ಸವರಿ, ಒಂದೊಂದೇ ರಿಂಗನ್ನು ಬೆರಳಿನಿಂದ ಒತ್ತಿ ಒಳಗೆ ಬಿಡಿ. ಇದಕ್ಕೆ ಇಬ್ಬರು ಬೇಕು: ಒಬ್ಬರು ಬ್ಲಾಕ್ ಹಿಡಿಯಲು, ಇನ್ನೊಬ್ಬರು ರಿಂಗ್ ಒತ್ತಲು. ಬಲವಂತ ಮಾಡಿದರೆ ರಿಂಗ್ ಮುರಿಯುತ್ತದೆ.

ನಟ್‌ಗಳಿಗೆ ನಿಮ್ಮ ವರ್ಷದ ಗಾಡಿಯ ಸರ್ವಿಸ್ ಮ್ಯಾನುಯಲ್‌ನಲ್ಲಿರುವ ಟಾರ್ಕನ್ನೇ ಮೂರು ಹಂತದಲ್ಲಿ ಕೊಡಿ. ಚೈನ್ ಕೂರಿಸಿ, ಎರಡೂ ಗುರುತು ಮತ್ತೆ ಸೇರಿಸಿ, ಪ್ಲಗ್ ಇಲ್ಲದೆ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ನಿಲ್ಲಿಸಿ, ಟೈಮಿಂಗ್ ಒಂದು ಹಲ್ಲು ತಪ್ಪಿರುತ್ತದೆ. ಹಾಗೇ ಕಿಕ್ ಹೊಡೆದರೆ ವಾಲ್ವ್ ಬಾಗೀತು. ಹೆಡ್ ಬಿಗಿದ ಮೇಲೆ ಟ್ಯಾಪೆಟ್ ಅಂತರ ಬದಲಾಗುವುದರಿಂದ ಎಂಜಿನ್ ತಣ್ಣಗಿರುವಾಗಲೇ ಫೀಲರ್‌ನಿಂದ ಹೊಂದಿಸಿ. ಟ್ಯಾಪೆಟ್ ಕ್ಯಾಪ್‌ಗಳಿಗೆ ಹೊಸ ಓ ರಿಂಗ್ ಹಾಕಿ, ಎಣ್ಣೆ ಸವರಿ, ಕೆಳಗಿನದನ್ನು ಬಿಗಿಯಿರಿ; ಮೇಲಿನದನ್ನು ಈಗಲೇ ಹಾಕಬೇಡಿ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಮೇಲಿನ ಟ್ಯಾಪೆಟ್ ಕ್ಯಾಪ್ ತೆಗೆದೇ ಇಟ್ಟು ನಿಧಾನ ಓಟದಲ್ಲಿ ನೋಡಿ: ಸ್ವಲ್ಪ ಹೊತ್ತಿನಲ್ಲಿ ರಾಕರ್ ಮೇಲೆ ಎಣ್ಣೆ ಹೊಳೆಯಬೇಕು. ಒಂದು ನಿಮಿಷವಾದರೂ ಒಣಗಿದ್ದರೆ ಕೂಡಲೇ ಆಫ್ ಮಾಡಿ, ಎಣ್ಣೆಯ ದಾರಿಯಲ್ಲಿ ಗ್ಯಾಸ್ಕೆಟ್ ಅಥವಾ ಓ ರಿಂಗ್ ಅಡ್ಡ ಕೂತಿದೆ ಎಂದರ್ಥ. ಎಣ್ಣೆ ಬಂದರೆ ಕ್ಯಾಪ್ ಹಾಕಿ, ಹತ್ತು ಕಿಲೋಮೀಟರ್ ಜೋರು ಮಾಡದೆ ಓಡಿಸಿ, ರಾತ್ರಿಯಿಡೀ ತಣ್ಣಗಾಗಲು ಬಿಡಿ. ಬೆಳಿಗ್ಗೆ ಎಲ್ಲ ಸೇರುವೆಗಳಿಗೂ ಮತ್ತೆ ಪೌಡರ್ ಉದುರಿಸಿ ಒಂದು ಸುತ್ತು ಹೋಗಿ ಬನ್ನಿ.